ಮರಳಿನ ಹಿತ್ತಲಿನಲ್ಲಿ ಗೌರಿ ಹೂ

ಕುಂದಾಪುರದ ನಮ್ಮ ಹಿತ್ತಲು ಬರೀ ಮರಳು. ಮಳೆ ನಿಂತ ವಾರದಲ್ಲೇ ಒಣಗಿ ಬಿಸಿಯಾಗುತ್ತದೆ. ಗುಲಾಬಿ ನೆಟ್ಟು ಸೋತ ಮೇಲೆ ಅಗ್ನಿಶಿಖೆಗೆ, ಅಂದರೆ ಗೌರಿ ಹೂವಿಗೆ ಬಂದೆ. ಗಡ್ಡೆಗಾಗಿ ಜನ ಅಗೆದು ಅಗೆದು ಬೇಲಿಗಳಲ್ಲಿ ಈಗ ಅದು ಅಪರೂಪ. ಆದ್ದರಿಂದ ಕಾಡಿನದನ್ನು ಕೀಳಬೇಡಿ, ನರ್ಸರಿಯಿಂದಲೇ ತನ್ನಿ.

ಗಡ್ಡೆ ನೇಗಿಲಿನಂತೆ ಬಾಗಿರುತ್ತದೆ. ಜೀವವೆಲ್ಲ ತುದಿಯ ಮೊಳಕೆಯಲ್ಲಿದೆ. ನಾನು ಮೊದಲ ವರ್ಷ ಅದನ್ನು ತೊಳೆಯಲು ಹೋಗಿ ಮೊಳಕೆ ಮುರಿದೆ. ಇಡೀ ಮಳೆಗಾಲ ಬರೀ ಮಣ್ಣು ನೋಡುತ್ತ ಕೂತೆ. ಮಣ್ಣು ಅಂಟಿದ್ದರೆ ಅಂಟಿರಲಿ.

ಮೇ ಕೊನೆಯಲ್ಲಿ ನಾಲ್ಕು ಬೆರಳು ಆಳಕ್ಕೆ ಅಡ್ಡಲಾಗಿ ಮಲಗಿಸಿ, ಮರಳಿಗೆ ಎರಡು ಬೊಗಸೆ ಎಲೆಗೊಬ್ಬರ ಬೆರೆಸಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಮರಳಿನ ಉಪಕಾರ ಅಲ್ಲೇ. ಪಕ್ಕದಲ್ಲಿ ಕಡ್ಡಿ ಚುಚ್ಚಿಡಿ. ಈ ಬಳ್ಳಿ ಎಲೆಯ ತುದಿಯಿಂದಲೇ ಹಿಡಿದು ಹತ್ತುತ್ತದೆ. ದಪ್ಪ ಗಳುವಾದರೆ ಆ ಸಣ್ಣ ಸುರುಳಿಗೆ ಸುತ್ತಲು ಆಗುವುದಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಹೂ. ಹಸಿರು ಹಳದಿಯಾಗಿ ಬಿರಿದು, ದಿನಗಳೆದಂತೆ ಕೆಂಪಾಗಿ, ದಳಗಳು ಮೇಲಕ್ಕೆ ಮಡಚಿ ಉರಿಯ ನಾಲಗೆಯಂತೆ ನಿಲ್ಲುತ್ತವೆ.

ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಸತ್ತಿತೆಂದು ನೀರು ಹಾಕಬೇಡಿ, ನನ್ನ ಅತ್ತೆ ಕನಿಕರದಿಂದ ಹಾಕಿ ಎರಡು ಗಡ್ಡೆ ಕೊಳೆಸಿದರು. ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿ.

ಗಿಡವೆಲ್ಲ ವಿಷ, ಗಡ್ಡೆಯಲ್ಲಿ ಹೆಚ್ಚು. ಕೈಗವಸು ಹಾಕಿಯೇ ಮುಟ್ಟಿ. ಗೆಣಸು, ಸುವರ್ಣಗಡ್ಡೆಯ ಮಡಿಯ ಹತ್ತಿರ ಮಾತ್ರ ಖಂಡಿತ ನೆಡಬೇಡಿ.