ಕಿರೀಟದ ಅಡಿ ಸಿಕ್ಕಿಬಿದ್ದ ದಿನಾಂಕ

ಶಿರಸಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಮೊನ್ನೆ ಯಕ್ಷಗಾನದ ಹಳೇ ಕರಪತ್ರವೊಂದರ ಇನ್‌ಡಿಸೈನ್ (ಪುಟವಿನ್ಯಾಸದ ಸಾಫ್ಟ್‌ವೇರ್) ಫೈಲ್ ಬಂತು. ದಿನಾಂಕ ಬದಲಿಸುವುದಷ್ಟೇ ಕೆಲಸ. ಆದರೆ ಎಲ್ಲಿ ಕ್ಲಿಕ್ ಮಾಡಿದರೂ ಮೇಲಿದ್ದ ಕಿರೀಟದ ಫೋಟೋವೇ ಸೆಲೆಕ್ಟ್ ಆಗುತ್ತಿತ್ತು. ಅದರ ಸುತ್ತ ಖಾಲಿ ಕಾಣುವ ಜಾಗವೂ ಫೋಟೋ ಕೂರಿಸಿದ ಚೌಕಟ್ಟಿನದೇ, ಅಂದರೆ ಫ್ರೇಮಿನದೇ ತಾನೆ!

ಕಂಟ್ರೋಲ್ ಒತ್ತಿ ಹಿಡಿದು ಮತ್ತೆ ಮತ್ತೆ ಕ್ಲಿಕ್ಕಿಸಿದೆ. ಅಡಿಯಲ್ಲಿದ್ದದ್ದು ಸಿಕ್ಕಿತು, ಆದರೆ ದಿನಾಂಕವೊಂದೇ ಅಲ್ಲ, ಅದರ ಜೊತೆ ಒಟ್ಟಿಗೆ ಕಟ್ಟಿದ್ದ ಇಡೀ ಗ್ರೂಪ್. ಅನ್‌ಗ್ರೂಪ್ ಮಾಡಲು ಮನಸ್ಸಾಗಲಿಲ್ಲ. ಯಾರೋ ಕಷ್ಟಪಟ್ಟು ಕೂರಿಸಿದ ಜೋಡಣೆ ಅದು.

ಪುಟದಲ್ಲಿರುವುದನ್ನೆಲ್ಲ ಪಟ್ಟಿಮಾಡಿ ತೋರಿಸುವ ಲೇಯರ್ಸ್ ಪ್ಯಾನೆಲ್ ತೆರೆದು ತ್ರಿಕೋನ ಒತ್ತಿ ಗ್ರೂಪ್ ಬಿಡಿಸಿದೆ. ಅಲ್ಲಿ ಪ್ರತಿ ಟೆಕ್ಸ್ಟ್ ಫ್ರೇಮಿಗೂ ಅದರ ಮೊದಲ ಪದಗಳೇ ಹೆಸರು. ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುವ ಹಳೇ ನುಡಿ ಫಾಂಟಿನ ಅಕ್ಷರವಾದ್ದರಿಂದ ಪಟ್ಟಿಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೆಸರಿನ ಬಲಗಡೆಯ ಪುಟ್ಟ ಚೌಕವನ್ನು ಒಂದೊಂದಾಗಿ ಒತ್ತುತ್ತ ಹೋದೆ. ನಾಲ್ಕನೆಯದಕ್ಕೆ ಪುಟದಲ್ಲಿ ದಿನಾಂಕದ ಸುತ್ತ, ಅದು ಸೆಲೆಕ್ಟ್ ಆಗಿದೆ ಎಂದು ತೋರಿಸುವ ಹಿಡಿಕೆಗಳು ಮೂಡಿದವು. ಎಷ್ಟು ನಿರಾಳವಾಯಿತೋ!

ಪಟ್ಟಿಯಲ್ಲಿ ಕಿರೀಟದ ಎದುರಿದ್ದ ಕಣ್ಣಿನ ಗುರುತು ತೆಗೆದು ಅದನ್ನು ಮರೆಮಾಡಿದೆ. ಗ್ರೂಪಿನ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಹೊಕ್ಕು, ಇನ್ನೊಮ್ಮೆ ಡಬಲ್ ಕ್ಲಿಕ್ಕಿಸಿ ದಿನಾಂಕ ತಿದ್ದಿದೆ. ಎಸ್ಕೇಪ್ ಒತ್ತಿದರೆ ಒಂದೊಂದೇ ಮೆಟ್ಟಿಲು ಹೊರಬರಬಹುದು. ಆಮೇಲೆ ಕಿರೀಟದ ಕಣ್ಣು ತೆರೆದೆ. ಕೂದಲೆಳೆಯಷ್ಟೂ ಏನೂ ಕದಲಿರಲಿಲ್ಲ.