ಮಳೆಗಾಲದಲ್ಲಿ ಅಂಟಿಸಿದ ತಲೆಬುರುಡೆ

ಕಾರವಾರದಲ್ಲಿ ನನ್ನದೊಂದು ಸಣ್ಣ ಸ್ಟಿಕರ್ ಅಂಗಡಿ. ಬೈಕಿನ ನಂಬರ್ ಪ್ಲೇಟು, ಆಟೋದ ಹಿಂದಿನ ಗಾಜಿಗೆ ದೇವರ ಹೆಸರು, ಅಂಗಡಿ ಬೋರ್ಡು. ಎಲ್ಲಕ್ಕಿಂತ ಜಾಸ್ತಿ ಬೈತಖೋಲದ ಬೋಟುಗಳ ಹೆಸರು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹಾಗಾಗಿ ಮಾಡೆಲ್ ವಿಮಾನದ ಕಿಟ್ ಕೈಗೆ ಬಂದಾಗ ಅದರ ಡೆಕಾಲ್ ಹಾಳೆ ನೋಡಿ ನನಗೆ ನಗು ಬಂತು. ಇದೇನು, ಸ್ಟಿಕರ್ ತಾನೆ! ಬೋಟಿನ ಮೂತಿಗೆ ಎಂಟು ಅಡಿ ಉದ್ದದ ಹೆಸರನ್ನು ಒಂದು ಗುಳ್ಳೆಯೂ ಇಲ್ಲದೆ ಕೂರಿಸುವವನಿಗೆ ಉಗುರಿನಷ್ಟು ಚಿತ್ರ ಯಾವ ಲೆಕ್ಕ?

ಆ ಸೊಕ್ಕು ಇಳಿಯೋಕೆ ಐದು ವಾರ ಸಾಕಾಯಿತು.

ಕಿಟ್ ಜಪಾನಿನ ಹಸೆಗಾವಾ ಕಂಪನಿಯದ್ದು. 1/72 ಅಳತೆಯ ವಿಎಫ್-1ಎಸ್ ವಾಲ್ಕಿರಿ. 1982ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ ಮ್ಯಾಕ್ರಾಸ್ ಅನಿಮೆಯ ವಿಮಾನ ಇದು. ಕಥೆಯಲ್ಲಿ ವಿಮಾನ ಹೋಗಿ ರೋಬೋ ಆಗುತ್ತದೆ. ಈ ಕಿಟ್‌ನಲ್ಲಿ ಅದೆಲ್ಲ ಇಲ್ಲ, ಬರೀ ವಿಮಾನ. ಹೊಟ್ಟೆಯ ಅಡಿಯಲ್ಲಿ ರೋಬೋದ ತಲೆ ಮಾತ್ರ ಅವಿತು ಕೂತಿರುತ್ತದೆ. ಆ ತಲೆಯ ಲೇಸರ್ ಕೊಳವೆ ಎಣಿಸಿದರೆ ಯಾವ ಮಾದರಿ ಅಂತ ಹೇಳಿಬಿಡಬಹುದು. ಒಂದಿದ್ದರೆ ಎ, ಎರಡಿದ್ದರೆ ಜೆ, ನಾಲ್ಕಿದ್ದರೆ ಎಸ್. ನನ್ನದು ನಾಲ್ಕರದ್ದು, ಅಂದರೆ ಕಥೆಯ ಪೈಲಟ್ ರಾಯ್ ಫಾಕರ್‌ನ ವಿಮಾನ. ಬಿಳಿ ಮೈ, ಹಳದಿ-ಕಪ್ಪು ಪಟ್ಟಿ, ಬಾಲದಲ್ಲಿ ಕಪ್ಪು ನೆಲದ ಮೇಲೆ ಬಿಳಿ ತಲೆಬುರುಡೆ, ಅಡ್ಡಡ್ಡ ಮೂಳೆ. ಇದನ್ನು ರೂಪಿಸಿದ ಶೋಜಿ ಕವಾಮೊರಿ ಅಮೆರಿಕದ ಎಫ್-14 ವಿಮಾನವನ್ನು ಎಷ್ಟು ಹಚ್ಚಿಕೊಂಡಿದ್ದರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಿಂದೆ ಮುಂದೆ ಸರಿಯುವ ರೆಕ್ಕೆ, ಎರಡು ಬಾಲ, ಎಲ್ಲ ಅದರದ್ದೇ ಚಹರೆ. ಆ ಬುರುಡೆ ಕೂಡ ಎಫ್-14 ಹಾರಿಸುತ್ತಿದ್ದ ವಿಎಫ್-84 ಸ್ಕ್ವಾಡ್ರನ್ನಿನ ಕಪ್ಪು ಬಾಲಗಳನ್ನು ನೆನಪಿಸುತ್ತದೆ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ತರಿಸಿದೆ. ಆಗ ಬೋಟಿನವರ ಕೆಲಸ, ಮದುವೆ ಬೋರ್ಡುಗಳ ಕೆಲಸ ಅಂತ ಪುರುಸೊತ್ತಿರಲಿಲ್ಲ. ಮೇಜಿನ ಕೆಳಗೆ ತಳ್ಳಿಟ್ಟೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗಿಳಿಯುವ ಹಾಗಿಲ್ಲ. ಬೋಟು ನಿಂತರೆ ನನ್ನ ಅಂಗಡಿಯೂ ನಿಂತ ಹಾಗೇ. ಕೊನೇ ಹತ್ತು ದಿನ ಎಲ್ಲರಿಗೂ ಒಟ್ಟಿಗೇ ಹೊಸ ಹೆಸರು ಬೇಕಾಗುತ್ತದೆ, ಅದು ಬೇರೆ ಮಾತು. ಅಷ್ಟರೊಳಗೆ ವಿಮಾನ ಮುಗಿಸಬೇಕು ಅಂತ ಲೆಕ್ಕ ಹಾಕಿ ಜೂನ್ ಮೊದಲ ವಾರ ಪೆಟ್ಟಿಗೆ ಬಿಚ್ಚಿದೆ.

ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು. ಡೆಕಾಲ್ ಹಾಳೆ ಮಾತ್ರ ಹಳೇ ಲಗ್ನಪತ್ರಿಕೆಯ ಬಣ್ಣಕ್ಕೆ ತಿರುಗಿತ್ತು. ಬುರುಡೆಗೆ ಎಲೆ ಅಡಿಕೆ ಜಗಿದವರ ಹಲ್ಲಿನ ಬಣ್ಣ. ಹಳೇ ಹಾಳೆ, ಎಷ್ಟು ಮಳೆಗಾಲ ಕಂಡಿತ್ತೋ. ಬೇಡದ ಒಂದು ಅಂಕಿ ಕತ್ತರಿಸಿ ನೀರಿಗೆ ಹಾಕಿ ನೋಡಿದೆ. ಕಾಗದದಿಂದ ಬಿಡುವಾಗಲೇ ಮೂರು ಚೂರಾಯಿತು.

ಇಲ್ಲಿ ನನ್ನ ಅಂಗಡಿ ಸ್ಟಿಕರಿನ ವಿನೈಲ್‌ಗೂ ಡೆಕಾಲ್‌ಗೂ ಇರುವ ವ್ಯತ್ಯಾಸ ಹೇಳಬೇಕು. ವಿನೈಲ್ ಅಂದರೆ ದಪ್ಪ ಪ್ಲಾಸ್ಟಿಕ್ಕು, ಹಿಂದೆ ಗಟ್ಟಿ ಅಂಟು. ಡೆಕಾಲ್ ಹಾಗಲ್ಲ. ಕಾಗದ, ಅದರ ಮೇಲೆ ನೀರಿಗೆ ಕರಗುವ ಗೋಂದು, ಅದರ ಮೇಲೆ ಹಾಲಿನ ಕೆನೆಯಷ್ಟು ತೆಳು ಪದರದಲ್ಲಿ ಬಣ್ಣ. ನೀರಲ್ಲಿ ನೆನೆಸಿದರೆ ಗೋಂದು ಸಡಿಲಾಗಿ ಬಣ್ಣದ ಪದರ ಜಾರುತ್ತದೆ. ಹಳತಾದರೆ ಆ ಪದರಕ್ಕೆ ಬಲವೇ ಇರುವುದಿಲ್ಲ. ಪಾರದರ್ಶಕ ವಾರ್ನಿಶ್ ಹೊಡೆದರೆ ಮತ್ತೆ ಹಿಡಿದುಕೊಳ್ಳುತ್ತದೆ. ಆದರೆ ಆಮೇಲೆ ಇಡೀ ಹಾಳೆ ಒಂದೇ ಪೊರೆಯಾಗುತ್ತದೆ, ಒಂದೊಂದು ಚಿತ್ರವನ್ನೂ ಅಂಚಿಗೆ ಸರಿಯಾಗಿ ಬ್ಲೇಡಿನಲ್ಲಿ ಕತ್ತರಿಸಬೇಕು.

ಹಳದಿ ತೆಗೆಯೋಕೆ ಔಷಧಿ ಬಿಸಿಲು. ಹಾಳೆಯನ್ನು ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ ಬಿಟ್ಟರೆ ನಿಧಾನಕ್ಕೆ ಬೆಳ್ಳಗಾಗುತ್ತದೆ. ಮೇ ತಿಂಗಳಲ್ಲಿ ನೆನಪಾಗಿದ್ದರೆ ಒಂದು ವಾರದ ಕೆಲಸ. ಜೂನ್‌ನಲ್ಲಿ ಕಾರವಾರದಲ್ಲಿ ಬಿಸಿಲು ಎಲ್ಲಿಂದ ತರುವುದು? ನಾಲ್ಕು ದಿನ ಕಾದೆ, ಸೂರ್ಯನ ಸುಳಿವಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿರುವ ಅಕ್ಕನ ಮನೆಗೆ ಹಾಳೆ ಕಳಿಸಿದೆ. ಅರಬೈಲ್ ಘಟ್ಟ ಹತ್ತಿದರೆ ಮಳೆಯೂ ಸ್ವಲ್ಪ ಮನುಷ್ಯರ ಹಾಗೆ ಬೀಳುತ್ತದೆ.

"ಏನೋ ಇದು, ಹಪ್ಪಳ ಒಣಗಿಸೋಕೆ ಕಳಿಸಿದಂಗೆ ಕಳಿಸೀಯಲ್ಲೋ" ಅಂದಳು ಅಕ್ಕ. ಆದರೂ ಅಡುಗೆಮನೆ ಕಿಟಕಿಗೆ ಅಂಟಿಸಿ ಹದಿನೈದು ದಿನ ಕಾದಳು. ಕಳಿಸುವ ಮೊದಲು ಹಾಳೆಯನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿಟ್ಟುಕೊಂಡಿದ್ದೆ. ಅಂಗಡಿಯ ಅಭ್ಯಾಸ ಅಷ್ಟೇ. ಅದೇ ಮುಂದೆ ನನ್ನ ಮಾನ ಉಳಿಸಿತು.

ಆ ಹದಿನೈದು ದಿನದಲ್ಲಿ ವಿಮಾನ ಕಟ್ಟಿದೆ. ಕಟ್ಟುವ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈ, ರೆಕ್ಕೆ, ಕಾಲುಗಳಾಗುವ ಎರಡು ಇಂಜಿನ್ ಗೂಡು, ಇವನ್ನೆಲ್ಲ ಬೇರೆ ಬೇರೆಯಾಗಿ ಕಟ್ಟಿ, ಬಣ್ಣ ಹೊಡೆದು, ಆಮೇಲೆ ಕೂಡಿಸಿದರೆ ಸುಲಭ. ಜೋಡಣೆಯ ಗೆರೆಗೆ 400, 600, 1000 ನಂಬರಿನ ಉಪ್ಪು ಕಾಗದ ಸಾಕು. ಮೂಗಿನೊಳಗೆ ಎರಡು ಸೀಸದ ಗುಂಡು ಕೂರಿಸಿದೆ, ಗಾಳಕ್ಕೆ ಕಟ್ಟುತ್ತಾರಲ್ಲ, ಅದೇ. ಬೇಕಿತ್ತೋ ಇಲ್ಲವೋ, ಮುಗಿದ ಮೇಲೆ ವಿಮಾನ ಬಾಲ ಊರಿ ಕೂತರೆ ಯಾರಿಗೆ ಬೇಕು ಆ ಅವಮಾನ.

ಬಣ್ಣದಲ್ಲಿ ತೊಂದರೆ ಶುರುವಾಯಿತು. ನನ್ನ ಮೇಜಿನ ಮೇಲಿನ ತೇವದ ಮೀಟರು ಬೆಳಿಗ್ಗೆಯಿಂದ ರಾತ್ರಿವರೆಗೆ 90ರ ಆಸುಪಾಸಿನಲ್ಲೇ. ಏರ್‌ಬ್ರಷ್‌ನ ಕಂಪ್ರೆಸರ್‌ಗೆ ನೀರು ಹಿಡಿಯುವ ಗ್ಲಾಸು ಇದೆ, ಹತ್ತು ನಿಮಿಷಕ್ಕೊಮ್ಮೆ ಖಾಲಿ ಮಾಡಬೇಕಾಯಿತು. ಮರೆತರೆ ಬಣ್ಣದ ಜೊತೆ ಒಂದು ಹನಿ ನೀರು ಪಿಚಕ್ ಅಂತ ರೆಕ್ಕೆ ಮೇಲೆ. ಒಣಗಿಸೋಕೆ ರಟ್ಟಿನ ಡಬ್ಬಿಯೊಳಗೆ ಬಲ್ಬ್ ಕಟ್ಟಿದೆ. ಮೊದಲು 100 ವಾಟಿನದು ಹಾಕಿ, ಕಿಟ್‌ನ ಚೌಕಟ್ಟಿನ ಒಂದು ಕಡ್ಡಿ ಒಳಗಿಟ್ಟು ನೋಡಿದೆ. ಒಂದು ಗಂಟೆಯಲ್ಲಿ ಕಡ್ಡಿ ಬಾಳೆದಿಂಡಿನ ನಾರಿನ ಹಾಗೆ ಬಗ್ಗಿತು. 40 ವಾಟಿಗೆ ಇಳಿಸಿ, ಮೇಲೆ ನಾಲ್ಕು ತೂತು ಕೊರೆದ ಮೇಲೆ ಸರಿಹೋಯಿತು.

ಡೆಕಾಲ್ ಕೂರಬೇಕಾದರೆ ಕೆಳಗೆ ಗಾಜಿನಂತೆ ನುಣುಪಾದ ಮೈ ಬೇಕು. ಒರಟು ಮೈ ಮೇಲೆ ಅಂಟಿಸಿದರೆ ಸಣ್ಣ ಸಣ್ಣ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡು, ಒಣಗಿದ ಮೇಲೆ ಪೊರೆಯ ಕೆಳಗೆ ಬೆಳ್ಳಿ ಹುಡಿ ಉದುರಿಸಿದಂತೆ ಕಾಣುತ್ತದೆ. ಅದಕ್ಕೇ ಬಿಳಿ ಬಣ್ಣದ ಮೇಲೆ ಹೊಳಪಿನ ವಾರ್ನಿಶ್ ಹೊಡೆಯುವುದು. ನಾನೂ ಹೊಡೆದೆ, ಒಂದು ಜೋರು ಮಳೆಯ ಮಧ್ಯಾಹ್ನ. ಅದೇ ಕೈಯಲ್ಲಿ ಕಪ್ಪು ಬಣ್ಣ ಹಚ್ಚಿದ ಐಸ್‌ಕ್ರೀಮ್ ಚಮಚಕ್ಕೂ ಹೊಡೆದೆ, ಡೆಕಾಲ್ ಅಂಟಿಸಿ ಅಭ್ಯಾಸ ಮಾಡೋಣ ಅಂತ. ಚಮಚ ಎಲ್ಲೋ ಉರುಳಿಹೋಯಿತು, ಮರೆತೆ. ವಿಮಾನ ಬೆಳ್ಳಗೆ ಚೆಂದ ಕಾಣುತ್ತಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಹಾಳೆಯೂ ವಾಪಸ್ ಬಂತು, ಮುಕ್ಕಾಲು ಪಾಲು ಬಿಳಿಯಾಗಿ. ಎರಡು ಕೈ ವಾರ್ನಿಶ್ ಹೊಡೆದು, ಒಣಗಿಸಿ, ಮೊದಲ ಹಳದಿ ಪಟ್ಟಿಗಳನ್ನು ರೆಕ್ಕೆಗೆ ಅಂಟಿಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಪಟ್ಟಿಯ ಅಂಚಿನುದ್ದಕ್ಕೂ ಬೆಳ್ಳಿ ಹುಡಿ. ಯಾಕೆ ಅಂತ ತಲೆ ಕೆರೆದುಕೊಂಡು ಕೂತಿದ್ದಾಗ ಮೇಜಿನ ಕೆಳಗೆ ಆ ಕಪ್ಪು ಚಮಚ ಸಿಕ್ಕಿತು. ಕಪ್ಪಗೆ ಹೊಳೆಯಬೇಕಾದ ಚಮಚ ತಂಬುಳಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಲ್ಯಾಕರ್ ಥಿನ್ನರ್ ಬೇಗ ಆರುವಾಗ ಮೈಯನ್ನು ತಂಪು ಮಾಡುತ್ತದೆ, ತೇವದ ಗಾಳಿಯಿದ್ದರೆ ಅಲ್ಲಿ ನೀರು ಕೂರುತ್ತದೆ, ವಾರ್ನಿಶ್ ಮಂಜಾಗಿ ಒರಟಾಗುತ್ತದೆ. ವಿಮಾನಕ್ಕೂ ಆಗಿದ್ದು ಅದೇ. ಬಿಳಿ ಮೇಲೆ ಬಿಳಿ ಮಂಜು ಕಾಣಲಿಲ್ಲ ಅಷ್ಟೇ. ಅವತ್ತಿನಿಂದ ನಾನು ಏನೇ ಹೊಡೆದರೂ ಪಕ್ಕದಲ್ಲಿ ಒಂದು ಕಪ್ಪು ಚಮಚ ಇರಲೇಬೇಕು.

ಮದ್ದು ಏನೂ ಕಷ್ಟದ್ದಲ್ಲ. ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಇರುವ ಥಿನ್ನರ್ ತರಿಸಿದೆ. ವಿಮಾನವನ್ನು ಬಲ್ಬ್ ಡಬ್ಬಿಯಲ್ಲಿ ಅರ್ಧ ಗಂಟೆ ಬೆಚ್ಚಗಿಟ್ಟು, ಮಳೆ ಬಿಟ್ಟ ಹೊತ್ತಿನಲ್ಲಿ ತೆಳ್ಳಗೆ ಮತ್ತೊಮ್ಮೆ ಹೊಡೆದೆ. ಚಮಚದ ಮಂಜು ಕಣ್ಣೆದುರೇ ಕರಗಿ ಕಪ್ಪು ಹೊಳೆಯಿತು. ಅದಾಗಲೇ ಅಂಟಿಸಿದ್ದ ಪಟ್ಟಿಗಳಿಗೆ ಸೂಜಿಯಲ್ಲಿ ಸಣ್ಣ ತೂತು ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ಮಾರ್ಕ್ ಸಾಫ್ಟರ್ ಅನ್ನೋ ದ್ರವ ಬಿಟ್ಟು, ಒಣಗಿಸಿ, ಮತ್ತೆ ಚುಚ್ಚಿ, ಮತ್ತೆ ಬಿಟ್ಟು, ನಾಲ್ಕು ಸಲ ಮಾಡಿದ ಮೇಲೆ ಬೆಳ್ಳಿ ಹೋಯಿತು. ಒಂದು ಜಾಗದಲ್ಲಿ ಈಗಲೂ ಇದೆ. ರೆಕ್ಕೆಯ ಕೆಳಗೆ. ಯಾರೂ ನೋಡುವುದಿಲ್ಲ.

ಅಂಟಿಸುವ ಕ್ರಮ ಹೀಗೆ. ಚಿತ್ರವನ್ನು ಉಗುರುಬೆಚ್ಚಗಿನ ನೀರಲ್ಲಿ ಹತ್ತಿಪ್ಪತ್ತು ಸೆಕೆಂಡು ಅದ್ದಿ, ತೆಗೆದು ಟಿಶ್ಯೂ ಮೇಲೆ ಇಡುತ್ತೇನೆ. ತಾನಾಗೇ ಬಿಡಲಿ, ನೀರಲ್ಲೇ ಬಿಟ್ಟರೆ ಗೋಂದೆಲ್ಲ ತೊಳೆದುಹೋಗುತ್ತದೆ. ಕೂರುವ ಜಾಗಕ್ಕೆ ಡೆಕಾಲ್ ಹಿಡಿದುಕೊಳ್ಳೋಕೆ ಮಾರ್ಕ್ ಸೆಟರ್ ಅನ್ನೋ ದ್ರವ ಹಚ್ಚಿ, ಕಾಗದವನ್ನು ಪಕ್ಕಕ್ಕಿಟ್ಟು, ಒದ್ದೆ ಬ್ರಷ್ಷಿನಲ್ಲಿ ಚಿತ್ರವನ್ನು ಜಾರಿಸುವುದು. ಜಾಗ ಸರಿಯಾದ ಮೇಲೆ ಹತ್ತಿ ಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ಹೊರಡಿಸುವುದು. ಉಜ್ಜಬಾರದು, ಉರುಳಿಸಬೇಕು. ಕೊನೆಗೆ ಸಾಫ್ಟರ್. ಅದು ಪೊರೆಯನ್ನು ಮೆತ್ತಗೆ ಮಾಡಿ ಗೆರೆ, ಉಬ್ಬು, ತಗ್ಗಿನೊಳಗೆಲ್ಲ ಇಳಿಸುತ್ತದೆ. ಸುತ್ತ ಉಳಿದ ಗೋಂದನ್ನು ಒದ್ದೆ ಕಡ್ಡಿಯಲ್ಲಿ ಒರೆಸದಿದ್ದರೆ ಕಂದು ಕಲೆ ಗ್ಯಾರಂಟಿ. ಇಂಥ ಚಿಲ್ಲರೆ ಗುರುತುಗಳೇ ರಾಶಿ ಇದ್ದವು. ದಿನಕ್ಕೆ ಹತ್ತೋ ಹನ್ನೆರಡೋ ಅಂಟಿಸಿ ಏಳುತ್ತಿದ್ದೆ. ಕಣ್ಣು ಕೇಳಬೇಕಲ್ಲ.

ಬುರುಡೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಲಗಡೆಯದು ಚೆನ್ನಾಗಿ ಕೂತಿತು. ಎಡಗಡೆಯದಕ್ಕೆ ಸಾಫ್ಟರ್ ಬಿಟ್ಟು ನೋಡುತ್ತಿದ್ದೇನೆ, ಎರಡು ನಿಮಿಷದಲ್ಲಿ ಬುರುಡೆ ಸುಕ್ಕುಗಟ್ಟಿತು. ಕಾದ ಹಾಲಿನ ಕೆನೆಯನ್ನು ಚಮಚದಲ್ಲಿ ತಳ್ಳಿದರೆ ಮಡಿಚಿಕೊಳ್ಳುತ್ತದಲ್ಲ, ಹಾಗೆ. ಸಾಫ್ಟರ್ ಬಿದ್ದರೆ ಹೀಗೇ ಆಗುತ್ತದೆ, ಮುಟ್ಟದೆ ಬಿಟ್ಟರೆ ಒಣಗುತ್ತಾ ತಾನೇ ಬಿಗಿದುಕೊಳ್ಳುತ್ತದೆ. ನನಗೆ ಗೊತ್ತಿತ್ತು. ಚಮಚದ ಮೇಲೆ ಮಾಡಿಯೂ ನೋಡಿದ್ದೆ. ಆದರೆ ಹದಿನಾಲ್ಕು ವರ್ಷ ಸುಕ್ಕು ಕಂಡಲ್ಲಿ ಸ್ಟಿಕರ್ ಒತ್ತಿ ಸಪಾಟು ಮಾಡುವ ಸ್ಕ್ವೀಜಿ ಎಳೆದ ಕೈ ಇದು. ತಲೆ ಬೇಡ ಅನ್ನುವಷ್ಟರಲ್ಲಿ ಹೆಬ್ಬೆರಳು ಹೋಗಿ ಒತ್ತಿಯಾಗಿತ್ತು. ಬೆರಳು ಎತ್ತಿದೆ. ಅರ್ಧ ಬುರುಡೆ ಬಾಲದ ಮೇಲೆ, ಇನ್ನರ್ಧ ನನ್ನ ಹೆಬ್ಬೆರಳ ಮೇಲೆ.

ಅವತ್ತು ಅಂಗಡಿ ಬೇಗ ಮುಚ್ಚಿದೆ.

ಸ್ಕ್ಯಾನ್ ಇದೆ, ಡೆಕಾಲ್ ಕಾಗದಕ್ಕೆ ಪ್ರಿಂಟ್ ಹೊಡೆಯೋಣ ಅಂದರೆ ನನ್ನ ಪ್ರಿಂಟರಿಗೆ ಬಿಳಿ ಬಣ್ಣವೇ ಇಲ್ಲ. ಬಿಳಿ ಅಂದರೆ ಅದರ ಮಟ್ಟಿಗೆ ಖಾಲಿ ಜಾಗ. ರಾತ್ರಿ ಮಲಗಿದ ಮೇಲೆ ಹೊಳೆಯಿತು. ಅಂಗಡಿಯಲ್ಲಿ ಕಟಿಂಗ್ ಪ್ಲಾಟರ್ ಇಟ್ಟುಕೊಂಡು ಪ್ರಿಂಟರಿನ ಚಿಂತೆ ಯಾಕೆ? ಬೆಳಿಗ್ಗೆ ಸ್ಕ್ಯಾನ್‌ನ ಬುರುಡೆಗೆ ಗೆರೆ ಎಳೆದು, ವಿನೈಲ್‌ನಲ್ಲಿ ಅಚ್ಚು ಕತ್ತರಿಸಿದೆ. ಒಂದು ಸೆಂಟಿಮೀಟರೂ ಇಲ್ಲದ ಬುರುಡೆ. ಕಣ್ಣು, ಮೂಗು ಬಂದವು. ಹಲ್ಲು ಬರಲಿಲ್ಲ, ಬ್ಲೇಡು ತಿರುಗುವಷ್ಟು ಜಾಗವೇ ಇಲ್ಲ. ಆರನೇ ಸಲಕ್ಕೆ ಒಪ್ಪುವಂಥದ್ದು ಸಿಕ್ಕಿತು. ವಿನೈಲ್ ಅಂಟು ಕೆಳಗಿನ ಬಣ್ಣ ಕಿತ್ತುಕೊಂಡು ಬರದ ಹಾಗೆ ನಾಲ್ಕಾರು ಸಲ ಪ್ಯಾಂಟಿಗೆ ಅಂಟಿಸಿ ಕಿತ್ತು ಜೋರು ಕಡಿಮೆ ಮಾಡಿದೆ. ಹರಿದ ಡೆಕಾಲ್ ತೆಗೆದು, ಬಾಲಕ್ಕೆ ಕಪ್ಪು ಹೊಡೆದು, ಒಣಗಿದ ಮೇಲೆ ಅಚ್ಚು ಕೂರಿಸಿದೆ. ಅದರ ಮೇಲೆ ಮೊದಲು ಮತ್ತೊಂದು ತೆಳು ಕಪ್ಪು. ನುಸುಳುವ ಬಣ್ಣ ಇದ್ದರೆ ಕಪ್ಪೇ ನುಸುಳಿ ಅಂಚು ಮುಚ್ಚಲಿ ಅಂತ. ಆಮೇಲೆ ಬಿಳಿ, ಮೂರು ತೆಳು ಕೈ. ಅಚ್ಚು ಎತ್ತಿದಾಗ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಬಂದಿತ್ತು. ಹಲ್ಲಿನ ಗೆರೆ 0.05 ಎಂಎಂ ಪೆನ್ನಿನಲ್ಲಿ ಎಳೆದೆ. ಎರಡು ಹಲ್ಲು ಜಾಸ್ತಿಯಾಗಿವೆ.

ಇನ್ನು ಮೈಮೇಲಿನ ತಗಡು ಜೋಡಣೆಯ ಗೆರೆಗಳಿಗೆ ಕಪ್ಪು ತುಂಬುವ ಕೆಲಸ. ಅದಕ್ಕೆ ಮೊದಲು ಬೀಚಿನಲ್ಲಿರುವ ಟುಪೊಲೆವ್ ವಿಮಾನ ನೋಡಿ ಬಂದೆ. ನೌಕಾಪಡೆಯಲ್ಲಿ 1988ರಿಂದ 2017ರ ವರೆಗೆ ಇದ್ದ ಟಿಯು-142, ಈಗ ಟ್ಯಾಗೋರ್ ಬೀಚಿನಲ್ಲಿ ಯುದ್ಧನೌಕೆ ಚಾಪಲ್ ಪಕ್ಕ ನಿಂತಿದೆ. ಕೊಡೆ ಹಿಡಿದು ಅದರ ಹೊಟ್ಟೆ ಕೆಳಗೆ ಕತ್ತೆತ್ತಿ ನಿಂತೆ. ತಗಡಿನ ಜೋಡಣೆ ಎಲ್ಲೂ ಕಡುಕಪ್ಪಾಗಿ ಎದ್ದು ಕಾಣುವುದಿಲ್ಲ. ಒಂದು ಕಡೆ ನಸು ಬೂದು, ಇನ್ನೊಂದು ಕಡೆ ಏನೂ ಇಲ್ಲ. ಬಿಳಿ ವಿಮಾನಕ್ಕೆ ಕಪ್ಪು ಗೆರೆ ತುಂಬಿ ಪಂಚೆಯ ಚೌಕಳಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮನೆಗೆ ಬಂದು ತಿಳಿ ಬೂದು ಬಣ್ಣವನ್ನೇ ಬಿಟ್ಟೆ, ಅದೂ ರೆಕ್ಕೆಯ ಅಲುಗಾಡುವ ಭಾಗಗಳಿಗೆ ಮಾತ್ರ. ಮೇಲೆ ಅರೆಹೊಳಪಿನ ವಾರ್ನಿಶ್, ಪಕ್ಕದಲ್ಲಿ ಕಪ್ಪು ಚಮಚ.

ಜುಲೈ 19ಕ್ಕೆ ಮುಗಿಯಿತು. ಮೂಗಿನಿಂದ ಬಾಲಕ್ಕೆ ಸುಮಾರು 20 ಸೆಂಟಿಮೀಟರ್. ಬಾಲ ಊರಿ ಕೂತಿಲ್ಲ. ಎಡಗಡೆ ಬುರುಡೆ ಹಾಲಿನ ಬಿಳಿ, ಬಲಗಡೆಯದರಲ್ಲಿ ಇನ್ನೂ ಒಂದಿಷ್ಟು ಎಲೆ ಅಡಿಕೆ ಉಳಿದಿದೆ. ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟೆ.

ಮೂರನೇ ದಿನಕ್ಕೆ ಬೈತಖೋಲದ ಒಬ್ಬ ಬೋಟಿನ ಯಜಮಾನರು ಮಗನನ್ನು ಕರೆದುಕೊಂಡು ಹೆಸರು ಬರೆಸೋಕೆ ಬಂದರು. "ಎಂತ ಮಾರಾಯ, ವಿಮಾನಕ್ಕೂ ಸ್ಟಿಕರ್ ಶುರು ಮಾಡಿದ್ಯಾ?" ಅಂದರು. ಮಗ ಕಪಾಟಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಈ ಬುರುಡೆ ನಮ್ಮ ಬೋಟಿಗೂ ಹಾಕಿ ಅಂದ.

"ಕಡಲಿಗೆ ಹೋಗೋ ಬೋಟಿಗೆ ತಲೆಬುರುಡೆಯಾ? ಅಮ್ಮನ ಹತ್ರ ಹೋಗಿ ಹೇಳು, ಬೋಟು ಬಿಡು, ನಿನ್ನನ್ನೇ ಮನೆಯೊಳಗೆ ಬಿಡೋದಿಲ್ಲ" ಅಂದರು ಅಪ್ಪ.

ಕೊನೆಗೆ ದೇವಿಯ ಹೆಸರು, ಕೆಳಗೆ ಹಳದಿ-ಕಪ್ಪು ಪಟ್ಟಿ ಅಂತ ಒಪ್ಪಂದವಾಯಿತು. ಪಟ್ಟಿಯ ಅಳತೆಯನ್ನು ಹುಡುಗ ವಿಮಾನದ ರೆಕ್ಕೆ ನೋಡಿಯೇ ಹೇಳಿದ.