ಸೈಕಲ್ ಸವಾರಿಗೆ ಜೀನ್ಸ್ ಕೊಳ್ಳುವ ಮುನ್ನ

ಮೈಸೂರಿನ ಕುವೆಂಪುನಗರದಿಂದಲೋ ವಿಜಯನಗರದಿಂದಲೋ ದಿನವೂ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವರ ಜೀನ್ಸ್ ಸಾಮಾನ್ಯವಾಗಿ ಮೊದಲು ಸವೆಯುವುದು ಮಂಡಿಯಲ್ಲಲ್ಲ, ತೊಡೆಸಂದಿನಲ್ಲಿ. ಅಲ್ಲಿ ನಾಲ್ಕು ಹೊಲಿಗೆಗಳು ಕೂಡಿ ಗಂಟಿನಂತೆ ದಪ್ಪವಾಗಿರುತ್ತವೆ. ಸೀಟು ಉಜ್ಜುವುದು ಅದನ್ನೇ. ಬಟ್ಟೆಯೂ ಹರಿಯುತ್ತದೆ, ಚರ್ಮವೂ ಉರಿಯುತ್ತದೆ.

ಆದ್ದರಿಂದ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಬಣ್ಣ ನೋಡುವ ಮೊದಲು ಪ್ಯಾಂಟಿನ ಒಳಮೈ ತಿರುವಿ ನೋಡಿ. ಆ ಜಾಗಕ್ಕೆ ವಜ್ರಾಕಾರದ ಪ್ರತ್ಯೇಕ ತುಂಡು ಕೂಡಿಸಿದ್ದರೆ ಬಿಡಬೇಡಿ, ಅಂಥವು ಸಿಗುವುದು ಅಪರೂಪ. ಸಿಗದಿದ್ದರೆ ಹೊಸದಿರುವಾಗಲೇ ನಿಮ್ಮ ಬಡಾವಣೆಯ ದರ್ಜಿಯಿಂದ ಒಳಗೆ ತೆಳುವಾದ, ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆಯ ತೇಪೆ ಹಾಕಿಸಿ. ಅಂಚು ಮಡಿಸದೆ ಅಂಕುಡೊಂಕು ಹೊಲಿಗೆ ಹಾಕಲು ಹೇಳಿ. ಮಡಿಸಿದರೆ ಇನ್ನೊಂದು ಗಂಟು ಹುಟ್ಟುತ್ತದೆ.

ಲೇಬಲ್‌ನಲ್ಲಿ ಶೇ 98 ಹತ್ತಿ, ಶೇ 2 ಎಲಾಸ್ಟೇನ್ (ಹಿಗ್ಗುವ ನೂಲು) ಇದ್ದರೆ ಸಾಕು. ಹಿಗ್ಗುವ ಗುಣ ತೀರಾ ಹೆಚ್ಚಾದರೆ ಮಂಡಿಯ ಬಳಿ ಬೇಗ ಜೋಲು ಬೀಳುತ್ತದೆ. ಹಾಕಿಕೊಂಡು ನೋಡುವಾಗ ಕನ್ನಡಿಯ ಮುಂದೆ ನಿಂತರೆ ಸಾಲದು. ಮಂಡಿಯನ್ನು ಸೊಂಟದ ಎತ್ತರಕ್ಕೆ ಎತ್ತಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ತೊಡೆ ಬಿಗಿಯಬಾರದು, ಹಿಂಬದಿಯ ಸೊಂಟಪಟ್ಟಿ ಕೆಳಗೆ ಜಾರಬಾರದು.

ಸೈಕಲ್‌ನ ಚೈನ್ ಇರುವುದು ಬಲಗಡೆ. ಆ ಕಾಲಿನ ತುದಿ ಅಗಲವಾಗಿದ್ದರೆ ಮಡಿಸಿ ಪಟ್ಟಿ ಕಟ್ಟಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರು ಬಳಸಿ, ನೆರಳಿನಲ್ಲಿ ಒಣಗಿಸಿ.

ಚಾಮುಂಡಿ ಬೆಟ್ಟ ಹತ್ತುವುದಿದ್ದರೆ ಮಾತ್ರ ಜೀನ್ಸ್ ಬೇಡವೇ ಬೇಡ. ಬೆವರಿಗೆ ತೊಯ್ದ ಡೆನಿಮ್ ಭಾರವಾಗಿ ತೊಡೆಗೆ ಅಂಟುತ್ತದೆ. ಅದಕ್ಕೆ ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಸರಿ.